ಕೋಣೆಯಲ್ಲಿ ಗೆದ್ದ ಪಾತ್ರೆ ದ್ರವ ಸಾರಜನಕದಲ್ಲಿ ಏಕೆ ಸೋರುತ್ತದೆ?

ಪ್ರಶ್ನೆ: ನಾವು ಎಂಜಿನಿಯರಿಂಗ್ ಕಾಲೇಜೊಂದರ ಅಂತಿಮ ವರ್ಷದ ವಿದ್ಯಾರ್ಥಿಗಳು. ಕಾರ್ಬನ್ ಎಳೆ ಮತ್ತು 120 ಡಿಗ್ರಿ ಸೆಲ್ಸಿಯಸ್‌ನಲ್ಲಿ ಗಟ್ಟಿಯಾಗುವ ಎಪಾಕ್ಸಿ ರಾಳ ಬಳಸಿ 20 ಸೆಂ.ಮೀ. ವ್ಯಾಸದ ಸಣ್ಣ ಒತ್ತಡಪಾತ್ರೆಗಳನ್ನು ಸುತ್ತಿದ್ದೇವೆ. ಒಳಗೆ ಲೋಹದ ಲೈನರ್, ಅಂದರೆ ಸೋರದಂತೆ ತಡೆಯುವ ಒಳಪದರ, ಇಲ್ಲ. ಕೆಲಸದ ಒತ್ತಡ 10 ಬಾರ್. ಒಂದು ಪಾತ್ರೆಯೊಳಗೆ ರಬ್ಬರ್ ಚೀಲವಿಟ್ಟು ನೀರು ತುಂಬಿ ಒಡೆದು ನೋಡಿದಾಗ ಅದು 42 ಬಾರ್‌ವರೆಗೆ ತಡೆಯಿತು. ಕೋಣೆಯ ಉಷ್ಣತೆಯಲ್ಲಿ 10 ಬಾರ್ ಹೀಲಿಯಂ ತುಂಬಿದಾಗ ಸೋರಿಕೆ ಕಾಣಲಿಲ್ಲ. ಎಳೆಗಳ ದಿಕ್ಕಿನಲ್ಲಿ ಕತ್ತರಿಸಿದ ಪಟ್ಟಿಗಳನ್ನು ದ್ರವ ಸಾರಜನಕದಲ್ಲಿ ಎಳೆದು ಮುರಿದಾಗಲೂ ಬಲ ಕಡಿಮೆಯಾಗಲಿಲ್ಲ. ಆದರೆ ಪಾತ್ರೆಯನ್ನೇ ದ್ರವ ಸಾರಜನಕದಲ್ಲಿ ಮುಳುಗಿಸಿ 6 ಬಾರ್ ಹೀಲಿಯಂ ತುಂಬಿ ಕವಾಟ ಮುಚ್ಚಿದಾಗ ಒತ್ತಡ ಇಳಿಯುತ್ತಲೇ ಹೋಯಿತು. ಹೊರತೆಗೆದು ಬೆಚ್ಚಗಾದ ಮೇಲೆ ಸಾಬೂನು ನೀರು ಹಚ್ಚಿದರೆ ಹಲವೆಡೆ ನೊರೆ ಎದ್ದಿತು. ನಾವು ತಪ್ಪಿದ್ದು ಎಲ್ಲಿ? ಯಾವ ಪರೀಕ್ಷೆಗಳನ್ನು ಯಾವ ಕ್ರಮದಲ್ಲಿ ಮಾಡಬೇಕಿತ್ತು? ದ್ರವ ಸಾರಜನಕದಲ್ಲಿ ಗೆದ್ದರೆ ದ್ರವ ಜಲಜನಕಕ್ಕೂ ಆ ಪಾತ್ರೆ ಸಲ್ಲುತ್ತದೆಯೇ?

ಉತ್ತರ: ನೀವು ಮಾಡಿದ ಪರೀಕ್ಷೆಗಳಲ್ಲಿ ಒಂದೂ ಕೆಟ್ಟದ್ದಲ್ಲ. ಆದರೆ ಬಲದ ಪರೀಕ್ಷೆಗಳೆರಡೂ ಎಳೆಯನ್ನು ಪ್ರಶ್ನಿಸಿದವು. ನಿಮ್ಮ ಪಾತ್ರೆ ಸೋತದ್ದು ರಾಳದಲ್ಲಿ. 42 ಬಾರ್ ತಡೆದದ್ದು ಕಾರ್ಬನ್ ಎಳೆ. ಆ ಪರೀಕ್ಷೆಯಲ್ಲಿ ರಾಳ ಎಷ್ಟು ಹೊತ್ತಿಗೆ, ಎಷ್ಟು ಒತ್ತಡಕ್ಕೆ ಬಿರುಕು ಬಿಟ್ಟಿತೆಂಬುದನ್ನು ಒಳಗಿದ್ದ ರಬ್ಬರ್ ಚೀಲ ನಿಮ್ಮಿಂದ ಮರೆಮಾಡಿತು. ಚೀಲವಿಲ್ಲದೆ ನೀರು ತುಂಬಿದ್ದರೆ 42 ಬಾರ್ ತಲುಪುವ ಬಹಳ ಮೊದಲೇ ಹೊರಮೈಯಲ್ಲಿ ಬೆವರಿನಂತೆ ಹನಿಗಳು ಮೂಡುವುದನ್ನು ನೀವು ಕಾಣುತ್ತಿದ್ದಿರಿ. ಲೈನರ್ ಇಲ್ಲದ ಪಾತ್ರೆಯ ಮಟ್ಟಿಗೆ ಒಡೆಯುವ ಒತ್ತಡ ಎರಡನೆಯ ಪ್ರಶ್ನೆ. ಸೋರುವ ಒತ್ತಡವೇ ಮೊದಲನೆಯದು. ಚಳಿಯಲ್ಲಿ ಈ ಎರಡರ ನಡುವಿನ ಅಂತರ ಬಹಳ ಹೆಚ್ಚುತ್ತದೆ.

ಕಾರಣವನ್ನು ಒಂದು ಒರಟು ಲೆಕ್ಕದಿಂದ ತೋರಿಸುತ್ತೇನೆ. ನಿಮ್ಮ ರಾಳದ ನಿಖರ ಅಂಕಿಗಳನ್ನು ಹಾಕಿ ನೀವೇ ಇದನ್ನು ಮತ್ತೆ ಮಾಡಿಕೊಳ್ಳಿ. ಕಾರ್ಬನ್ ಎಳೆ ತನ್ನ ಉದ್ದದ ದಿಕ್ಕಿನಲ್ಲಿ ತಂಪಾದಾಗ ಹೆಚ್ಚುಕಡಿಮೆ ಕುಗ್ಗುವುದೇ ಇಲ್ಲ. ಅದರ ವ್ಯಾಕೋಚನ ಗುಣಾಂಕ, ಅಂದರೆ ಒಂದು ಡಿಗ್ರಿಗೆ ಹಿಗ್ಗುವ ಪ್ರಮಾಣ, ಸೊನ್ನೆಗಿಂತ ತುಸು ಕೆಳಗೇ ಇರುತ್ತದೆ. ಅದೇ ಪದರ ಎಳೆಗಳಿಗೆ ಅಡ್ಡಲಾದ ದಿಕ್ಕಿನಲ್ಲಿ, ರಾಳದ ದೆಸೆಯಿಂದ, ಪ್ರತಿ ಡಿಗ್ರಿಗೆ ಹತ್ತು ಲಕ್ಷದಲ್ಲಿ 25ರಿಂದ 30 ಭಾಗದಷ್ಟು ಕುಗ್ಗುತ್ತದೆ. ಸುತ್ತು ಪದರಗಳನ್ನೂ ಓರೆ ಪದರಗಳನ್ನೂ ಒಂದರ ಮೇಲೊಂದು ಹೊಂದಿಸಿ ಬೇಯಿಸಿದ ಮೇಲೆ, ಒಂದು ಪದರ ಅಡ್ಡಲಾಗಿ ಕುಗ್ಗಬೇಕೆಂದರೆ ಪಕ್ಕದ ಪದರದ ಎಳೆಗಳು ಅದನ್ನು ಬಿಡುವುದಿಲ್ಲ. ಕುಗ್ಗಲಾಗದ ಪದರ ಎಳೆಯಲ್ಪಟ್ಟ ಸ್ಥಿತಿಯಲ್ಲೇ ಉಳಿಯುತ್ತದೆ. ನಿಮ್ಮ ರಾಳ ಗಟ್ಟಿಯಾದದ್ದು 120 ಡಿಗ್ರಿಯಲ್ಲಿ. ಅಲ್ಲಿಂದ ಕೋಣೆಯ 25 ಡಿಗ್ರಿಗೆ ಇಳಿಯುವಷ್ಟರಲ್ಲೇ ಅಡ್ಡ ದಿಕ್ಕಿನಲ್ಲಿ ಸುಮಾರು ಶೇಕಡಾ 0.27 ಸ್ಟ್ರೇನ್, ಅಂದರೆ ಮೂಲ ಉದ್ದಕ್ಕೆ ಹೋಲಿಸಿದ ಹಿಗ್ಗುವಿಕೆ, ಸೇರಿಕೊಂಡಿರುತ್ತದೆ. ದ್ರವ ಸಾರಜನಕದ ಕುದಿಬಿಂದುವಾದ ಮೈನಸ್ 196 ಡಿಗ್ರಿಗೆ, ಅಂದರೆ 77 ಕೆಲ್ವಿನ್‌ಗೆ ಇಳಿಸಿದರೆ ಒಟ್ಟು ಇಳಿತ 316 ಡಿಗ್ರಿ. ತಂಪಾದಂತೆ ವ್ಯಾಕೋಚನ ಗುಣಾಂಕ ಕಡಿಮೆಯಾಗುತ್ತದೆ ಎಂಬುದನ್ನು ಲೆಕ್ಕಕ್ಕೆ ತೆಗೆದುಕೊಂಡರೂ ಸ್ಟ್ರೇನ್ ಶೇಕಡಾ 0.7ರ ಆಸುಪಾಸಿಗೆ ಬರುತ್ತದೆ. ಇಷ್ಟೂ ಒಂದು ಬಾರ್ ಒತ್ತಡವನ್ನೂ ಹಾಕುವ ಮುನ್ನ.

ಈಗ ಒತ್ತಡವನ್ನು ಸೇರಿಸೋಣ. 42 ಬಾರ್‌ಗೆ ಎಳೆಗಳು ಸುಮಾರು ಶೇಕಡಾ 1.5 ಹಿಗ್ಗಿ ಮುರಿದವೆಂದು ಇಟ್ಟುಕೊಂಡರೆ, 10 ಬಾರ್‌ಗೆ ಗೋಡೆ ಶೇಕಡಾ 0.36ರಷ್ಟು ಹಿಗ್ಗುತ್ತದೆ. ಕೋಣೆಯಲ್ಲಿ 0.27 ಮತ್ತು 0.36 ಸೇರಿ 0.63 ಆಯಿತು. ಸಾಮಾನ್ಯ ಎಪಾಕ್ಸಿಯ ಕಾರ್ಬನ್ ಪದರವೊಂದು ಅಡ್ಡಲಾಗಿ ಶೇಕಡಾ 0.7ರಿಂದ 0.9ರ ಸುಮಾರಿಗೆ ಬಿರುಕು ಬಿಡುವುದರಿಂದ ನೀವು ಅಲ್ಲಿ ಪಾರಾದಿರಿ. ದ್ರವ ಸಾರಜನಕದಲ್ಲಿ 6 ಬಾರ್‌ನ ಪಾಲು 0.21 ಮಾತ್ರ, ಆದರೂ ಮೊತ್ತ 0.9ನ್ನು ಮುಟ್ಟುತ್ತದೆ. ಇತ್ತ ರಾಳದ ತಾಳಿಕೆಯೂ ಅಷ್ಟರಲ್ಲಿ ಕುಂದಿರುತ್ತದೆ. ಎಪಾಕ್ಸಿಯ ಯಂಗ್ ಮಾಪಾಂಕ, ಅಂದರೆ ಹಿಗ್ಗದೆ ನಿಲ್ಲುವ ಬಿರುಸು, ಕೋಣೆಯಲ್ಲಿ 3 ಗಿಗಾಪ್ಯಾಸ್ಕಲ್ ಇದ್ದದ್ದು ಕ್ರಯೋಜೆನಿಕ್, ಅಂದರೆ ಇಂಥ ಅತಿಶೀತ, ಉಷ್ಣತೆಯಲ್ಲಿ ಎರಡು ಪಟ್ಟಿನ ಹತ್ತಿರ ಹೋಗುತ್ತದೆ, ಬಲವೂ ಹೆಚ್ಚುತ್ತದೆ, ಆದರೆ ಮುರಿಯುವ ಮುನ್ನ ಹಿಗ್ಗುವ ಗುಣ ಮೂರರಲ್ಲೊಂದು ಪಾಲಿಗೂ ಇಳಿಯಬಲ್ಲದು. ಚಳಿಯಲ್ಲಿ ರಾಳ ಹೆಚ್ಚು ಬಲವಾಗುತ್ತದೆ ಎಂಬ ಪಠ್ಯಪುಸ್ತಕದ ಮಾತು ಸುಳ್ಳಲ್ಲ. ಆದರೆ ಇಲ್ಲಿ ರಾಳವನ್ನು ಮುರಿಯುತ್ತಿರುವುದು ತೂಗಿಬಿಟ್ಟ ಭಾರವಲ್ಲ, ತಡೆಹಿಡಿದ ಕುಗ್ಗುವಿಕೆ. ಎಷ್ಟು ಭಾರ ಹೊರಬಲ್ಲದು ಎಂಬುದಕ್ಕಿಂತ ಎಷ್ಟು ಹಿಗ್ಗಬಲ್ಲದು ಎಂಬುದೇ ಇಲ್ಲಿ ತೀರ್ಮಾನಿಸುತ್ತದೆ. ಹಾಗಾಗಿ ಕ್ರಯೋಜೆನಿಕ್ ಪಾತ್ರೆಯ ವಿನ್ಯಾಸದಲ್ಲಿ ತಂಪಾಗುವಿಕೆಯನ್ನೇ ಒಂದು ಹೊರೆಯೆಂದು ಬರೆದುಕೊಳ್ಳಬೇಕು, ಒತ್ತಡದ ಹೊರೆಯ ಪಕ್ಕದಲ್ಲೇ, ಅದೇ ಕೋಷ್ಟಕದಲ್ಲಿ.

ಬಿರುಕು ಬಿಟ್ಟ ಮಾತ್ರಕ್ಕೆ ಪಾತ್ರೆ ಸೋರುವುದಿಲ್ಲ. ಒಂದು ಪದರದ ಬಿರುಕು ಆ ಪದರದ ದಪ್ಪದಷ್ಟೇ ಆಳವಾಗಿ, ಎಳೆಗಳ ಗುಂಟ ಉದ್ದಕ್ಕೆ ಓಡುತ್ತದೆ. ಪಕ್ಕದ ಪದರದಲ್ಲಿ ಬೇರೆ ಕೋನದ ಬಿರುಕು ಎದ್ದು, ಎರಡೂ ಒಂದನ್ನೊಂದು ದಾಟುವ ಜಾಗದಲ್ಲಿ ಸೂಜಿಯ ಮೊನೆಯಷ್ಟು ಸಂದು ತೆರೆದುಕೊಳ್ಳುತ್ತದೆ. ಹೀಗೆ ಒಳಮೈಯಿಂದ ಹೊರಮೈವರೆಗಿನ ಪ್ರತಿಯೊಂದು ಪದರದಲ್ಲೂ ಬಿರುಕಿದ್ದು, ಅವು ಮೆಟ್ಟಿಲುಗಳಂತೆ ಒಂದಕ್ಕೊಂದು ಸೇರಿದಾಗ ಮಾತ್ರ ಅನಿಲಕ್ಕೆ ದಾರಿಯಾಗುತ್ತದೆ. ಒಂದೇ ಒಂದು ಪದರ ಬಿರುಕಿಲ್ಲದೆ ಉಳಿದರೂ ಸೋರಿಕೆ ಬಹಳ ಕಡಿಮೆ. ನಿಮ್ಮ ಪಟ್ಟಿಗಳ ಪರೀಕ್ಷೆ ಈ ಮಾಹಿತಿಯನ್ನು ಕೊಡಲಾರದೆ ಹೋದದ್ದು ಇದಕ್ಕೇ: ಎಲ್ಲ ಎಳೆಗಳೂ ಒಂದೇ ದಿಕ್ಕಿಗಿರುವ ಪಟ್ಟಿಯನ್ನು ಅದೇ ದಿಕ್ಕಿಗೆ ಎಳೆದರೆ ಅಡ್ಡ ಬಿರುಕಿಗೆ ಅಲ್ಲಿ ಕಾರಣವೂ ಇಲ್ಲ, ತಡೆಹಿಡಿದ ಕುಗ್ಗುವಿಕೆಯೂ ಇಲ್ಲ.

ಆದ್ದರಿಂದ ನಾನು ನಿಮ್ಮ ಜಾಗದಲ್ಲಿದ್ದರೆ ಎಳೆಯುವ ಯಂತ್ರದ ಹತ್ತಿರ ಹೋಗುವ ಮೊದಲು ಒಂದು ಬಹಳ ಅಗ್ಗದ ಪರೀಕ್ಷೆ ಮಾಡುತ್ತಿದ್ದೆ. ಪಾತ್ರೆಯ ಗೋಡೆಯಲ್ಲಿರುವ ಪದರಗಳ ಕ್ರಮವನ್ನೇ ಇಟ್ಟುಕೊಂಡು ಒಂದು ಚಪ್ಪಟೆ ಹಲಗೆ ಬೇಯಿಸಿ, ಅದರಿಂದ ಕೈಬೆರಳಿನಷ್ಟು ಅಗಲದ ತುಂಡುಗಳನ್ನು ಕತ್ತರಿಸಿ, ಅಂಚನ್ನು ಕನ್ನಡಿಯಂತೆ ಹೊಳಪಿಗೆ ತರುವುದು. ಒಲೆಯಲ್ಲಿ ಒಣಗಿಸಿ ತೇವ ತೆಗೆದ ಮೇಲೆ ಅವನ್ನು ದ್ರವ ಸಾರಜನಕಕ್ಕೆ ಇಳಿಸಬೇಕು. ಮೊದಲು ತುಂಡಿನ ಸುತ್ತ ಆವಿಯ ಪೊರೆ ಕಟ್ಟಿಕೊಂಡು, ಕಾದ ಕಾವಲಿಯ ಮೇಲಿನ ನೀರಹನಿಯಂತೆ, ದ್ರವ ಅದನ್ನು ಮುಟ್ಟದೆಯೇ ಮೆಲ್ಲಗೆ ಕುದಿಯುತ್ತಿರುತ್ತದೆ. ಸ್ವಲ್ಪ ಹೊತ್ತಿಗೆ ಆ ಪೊರೆ ಒಮ್ಮೆಲೇ ಹರಿದು ದ್ರವ ಮೈಗೆ ತಾಗುತ್ತದೆ. ಕುದಿತ ಕೆಲವು ಕ್ಷಣ ಭೋರೆಂದು ಏರಿ, ಆಮೇಲೆ ಥಟ್ಟನೆ ನಿಂತುಹೋಗುತ್ತದೆ. ಆ ನಿಶ್ಶಬ್ದವೇ ತುಂಡಿನ ಹೊರಮೈ 77 ಕೆಲ್ವಿನ್ ಮುಟ್ಟಿತೆಂಬ ಗುರುತು. ಒಳಗೂ ತಂಪಾಗಲು ಇನ್ನೊಂದಷ್ಟು ನಿಮಿಷ ಬಿಡಬೇಕು. ತೆಗೆದು, ಒಣ ಗಾಳಿಯಲ್ಲಿ ಬೆಚ್ಚಗಾಗಿಸಿ, ಸೂಕ್ಷ್ಮದರ್ಶಕದಡಿ ಪ್ರತಿ ಪದರದಲ್ಲಿ ಒಂದು ಸೆಂಟಿಮೀಟರಿಗೆ ಎಷ್ಟು ಬಿರುಕುಗಳಿವೆಯೆಂದು ಎಣಿಸಿ. ಒಂದು ಮುಳುಗಿಗೆ, ಐದಕ್ಕೆ, ಇಪ್ಪತ್ತಕ್ಕೆ, ಐವತ್ತಕ್ಕೆ ಹೀಗೆ ಎಣಿಕೆಯ ಪಟ್ಟಿ ಮಾಡಿ. ಸಾಮಾನ್ಯವಾಗಿ ಸಂಖ್ಯೆ ಮೊದಲು ಬೇಗ ಏರಿ ಆಮೇಲೆ ಒಂದು ಮಟ್ಟದಲ್ಲಿ ನಿಲ್ಲುತ್ತದೆ. ಆ ಮಟ್ಟ ಎಷ್ಟು, ಯಾವ ಪದರ ಮೊದಲು ಬಿರಿಯಿತು, ಯಾವುದು ಕೊನೆಯವರೆಗೂ ಉಳಿಯಿತು ಎಂಬ ಮೂರು ಸಂಗತಿ ನಿಮ್ಮ ವಿನ್ಯಾಸದ ಬಗ್ಗೆ ಹತ್ತು ಎಳೆಯುವ ಪರೀಕ್ಷೆಗಳಿಗಿಂತ ಹೆಚ್ಚು ಹೇಳುತ್ತವೆ.

ಇಲ್ಲಿ ಒಂದು ಎಚ್ಚರಿಕೆಯ ಮಾತು. ಕತ್ತರಿಸಿದ ಅಂಚಿನಲ್ಲಿ ಬಿಗಿತ ಒಳಗಿನದಕ್ಕಿಂತ ಬೇರೆಯೇ ಇರುತ್ತದೆ, ಪಾತ್ರೆಗೆ ಅಂಥ ಅಂಚೇ ಇರುವುದಿಲ್ಲ. ಆದ್ದರಿಂದ ಅಂಚಿನಲ್ಲಿ ಕಂಡ ಬಿರುಕು ಒಳಗಿನವರೆಗೂ ಹೋಗಿದೆಯೇ ಎಂದು ತಿಳಿಯಲು ಕೆಲವು ತುಂಡುಗಳನ್ನು ನಡುವೆ ಕತ್ತರಿಸಿ ಮತ್ತೆ ಹೊಳಪು ಕೊಟ್ಟು ನೋಡಬೇಕು. ಕತ್ತರಿಸುವಾಗ ಹೊಸ ಬಿರುಕು ಹುಟ್ಟಿತೋ ಎಂಬ ಅನುಮಾನ ಪರಿಹರಿಸಲು, ಚಳಿಗೆ ಒಡ್ಡದ ತುಂಡೊಂದನ್ನೂ ಅದೇ ರೀತಿ ಕತ್ತರಿಸಿ ಪಕ್ಕದಲ್ಲಿಟ್ಟುಕೊಳ್ಳಿ.

ಇದಾದ ಮೇಲೆ ಎಳೆಯುವ ಪರೀಕ್ಷೆಗಳು. ಎಳೆಯ ದಿಕ್ಕಿನ ಪಟ್ಟಿಗೆ ಬಳಸುವ, ಅಮೆರಿಕದ ಮಾನದಂಡ ಸಂಸ್ಥೆ ಎಎಸ್‌ಟಿಎಂನ ಡಿ3039 ಮಾನದಂಡವೇ ಅಡ್ಡ ದಿಕ್ಕಿನ, ಅಂದರೆ 90 ಡಿಗ್ರಿಯ ಪಟ್ಟಿಗೂ ಅನ್ವಯಿಸುತ್ತದೆ. ನಿಮಗೆ ಬೇಕಾದದ್ದು ಆ ಪಟ್ಟಿ. ಕತ್ತರಿ ಬಿಗಿತಕ್ಕೆ (ಶಿಯರ್‌ಗೆ) 45 ಡಿಗ್ರಿಯ ಓರೆ ಪದರಗಳ ಡಿ3518, ಪದರಗಳ ನಡುವಿನ ಹಿಡಿತಕ್ಕೆ ಚಿಕ್ಕ ತೊಲೆಯ ಡಿ2344, ಪದರ ಬಿಚ್ಚಿಕೊಳ್ಳುವುದನ್ನು ಅಳೆಯಲು ಡಿ5528, ಸುತ್ತಿದ ಉಂಗುರವನ್ನು ಎರಡು ಅರ್ಧಚಂದ್ರ ತಟ್ಟೆಗಳಿಂದ ಎಳೆಯಲು ಡಿ2290. ಇವುಗಳಲ್ಲಿ ಹೆಚ್ಚಿನವು ಕೋಣೆಯ ಉಷ್ಣತೆಯನ್ನು ಮನಸ್ಸಿನಲ್ಲಿಟ್ಟುಕೊಂಡೇ ಬರೆದವು. ಚಳಿಯಲ್ಲಿ ಅವನ್ನು ಹೇಗೆ ನಡೆಸಬೇಕೆಂಬುದು ಪ್ರಯೋಗಾಲಯದ ಕೈಯಲ್ಲಿದೆ. ತಪ್ಪುಗಳು ನುಸುಳುವುದೂ ಅಲ್ಲಿಯೇ.

ನಾನು ಕೆಲಸ ಕಲಿಯುತ್ತಿದ್ದ ಪ್ರಯೋಗಾಲಯದಲ್ಲಿ ಒಂದು ವಾರವಿಡೀ ನಮ್ಮ 90 ಡಿಗ್ರಿಯ ಪಟ್ಟಿಗಳು ಪರೀಕ್ಷೆ ಆರಂಭಿಸುವ ಮುನ್ನವೇ ಮುರಿದುಹೋಗುತ್ತಿದ್ದವು. ರಾಳ ಕೆಟ್ಟಿದೆಯೆಂದು ಎಲ್ಲರೂ ನಂಬಿದ್ದೆವು, ಹೊಸ ಹಲಗೆಯನ್ನೂ ಬೇಯಿಸಿದೆವು. ನಿಜವಾದ ಕಾರಣ ಯಂತ್ರದ ಎರಡು ಹಿಡಿಗಳನ್ನೂ ಭದ್ರಮಾಡಿ ತೊಟ್ಟಿಗೆ ದ್ರವ ಸಾರಜನಕ ಸುರಿಯುತ್ತಿದ್ದುದು. ದ್ರವದಲ್ಲಿ ಮುಳುಗಿದ ಅರ್ಧ ಮೀಟರ್ ಸ್ಟೇನ್‌ಲೆಸ್ ಸ್ಟೀಲ್ ಸರಳು 77 ಕೆಲ್ವಿನ್‌ಗೆ ಬರುವಾಗ ಸುಮಾರು 1.4 ಮಿಲಿಮೀಟರ್ ಕುಗ್ಗುತ್ತದೆ. ಆ ಕುಗ್ಗುವಿಕೆಯಷ್ಟೂ 15 ಸೆಂಟಿಮೀಟರಿನ ಪಟ್ಟಿಯ ಮೇಲೆ ಬಿದ್ದರೆ ಅದೇ ಶೇಕಡಾ 0.9ರ ಸ್ಟ್ರೇನ್. ತಂಪಾಗುವಾಗ ಯಂತ್ರವನ್ನು ಸ್ಥಾನದ ನಿಯಂತ್ರಣದಲ್ಲಿ ಬಿಡದೆ, ಭಾರದ ನಿಯಂತ್ರಣದಲ್ಲಿ ಸೊನ್ನೆಯ ಹತ್ತಿರದ ಒಂದು ಸಣ್ಣ ಎಳೆತಕ್ಕೆ ಕಟ್ಟಿಹಾಕಬೇಕು. ಸರಳು ಕುಗ್ಗಿದಂತೆ ಯಂತ್ರ ತಾನೇ ಸಡಿಲ ಬಿಡುತ್ತದೆ. ಈ ಒಂದು ಸಾಲನ್ನು ನಿಮ್ಮ ಯಂತ್ರದ ಮೇಲೆ ಅಂಟಿಸಿಡಿ ಎಂದು ಕಳಕಳಿಯಿಂದ ಕೇಳುತ್ತೇನೆ.

ಹಿಡಿಗಳ ಬಗ್ಗೆ ಇನ್ನೂ ಎರಡು ಮಾತು. ಪಟ್ಟಿಯ ತುದಿಗೆ ಅಂಟಿಸುವ ಗಾಜುನಾರಿನ ತುಂಡುಗಳು ಚಳಿಯಲ್ಲಿ ಬಿಚ್ಚಿಕೊಳ್ಳುವುದು ಸಾಮಾನ್ಯ ತೊಂದರೆ, ಏಕೆಂದರೆ ಅಂಟು, ತುಂಡು, ಪಟ್ಟಿ ಮೂರೂ ಬೇರೆಬೇರೆ ಪ್ರಮಾಣದಲ್ಲಿ ಕುಗ್ಗುತ್ತವೆ. ತೆಳು ಪೊರೆಯ ಅಂಟು ಮತ್ತು ಇಳಿಜಾರು ಕೊಟ್ಟ ತುದಿ ಇದ್ದರೆ ಬಹುಪಾಲು ಪರಿಹಾರ. ಹೈಡ್ರಾಲಿಕ್ ಹಿಡಿ ಚಳಿಯೊಳಗೆ ನಡೆಯುವುದಿಲ್ಲ, ಎಣ್ಣೆ ಗಟ್ಟಿಯಾಗುತ್ತದೆ. ಬೆಣೆ ಹಿಡಿಯನ್ನೇ ಬಳಸಿ. ಮುರಿತ ಹಿಡಿಯ ಬುಡದಲ್ಲೇ ಆದರೆ ಆ ಅಂಕಿಯನ್ನು ಸರಾಸರಿಗೆ ಸೇರಿಸಬೇಡಿ.

ಸ್ಟ್ರೇನ್ ಅಳೆಯುವ ವಿಷಯದಲ್ಲಿ ಸ್ವಲ್ಪ ನಿಲ್ಲಬೇಕಾಗುತ್ತದೆ, ಏಕೆಂದರೆ ಚಳಿಯಲ್ಲಿ ಸ್ಟ್ರೇನ್ ಗೇಜ್, ಅಂದರೆ ಮೈಗೆ ಅಂಟಿಸಿ ಹಿಗ್ಗುವಿಕೆ ಅಳೆಯುವ ತೆಳು ತಂತಿ, ಹೇಳುವ ಸಂಖ್ಯೆಯಲ್ಲಿ ಹೊರೆಯಿಂದ ಬಂದದ್ದೆಷ್ಟು, ಬರಿಯ ಉಷ್ಣತೆಯಿಂದ ಬಂದದ್ದೆಷ್ಟು ಎಂಬುದನ್ನು ಬಿಡಿಸುವುದೇ ದೊಡ್ಡ ಕೆಲಸ. 300ರಿಂದ 77 ಕೆಲ್ವಿನ್‌ಗೆ ಇಳಿಯುವಾಗ ಹೊರೆಯೇ ಇಲ್ಲದ ಗೇಜ್ ಕೂಡ ಸಾವಿರಗಟ್ಟಲೆ ಮೈಕ್ರೋಸ್ಟ್ರೇನ್ (ಹತ್ತು ಲಕ್ಷದಲ್ಲಿ ಒಂದು ಭಾಗದ ಸ್ಟ್ರೇನ್) ತೋರಿಸಬಲ್ಲದು. ಸಾಮಾನ್ಯ ಕಾನ್‌ಸ್ಟಂಟನ್ ತಂತಿಯ ಗೇಜ್ ಬದಲು ಮಾರ್ಪಡಿಸಿದ ಕಾರ್ಮಾ ಮಿಶ್ರಲೋಹದ್ದನ್ನು ಬಳಸಿ. ಅದೇ ಹಲಗೆಯಿಂದ ಕತ್ತರಿಸಿದ, ಹೊರೆಯಿಲ್ಲದ ತುಂಡಿನ ಮೇಲೆ, ಎಳೆಗಳಿಗೆ ಅದೇ ಕೋನದಲ್ಲಿ ಇನ್ನೊಂದು ಗೇಜ್ ಅಂಟಿಸಿ ಪಕ್ಕದಲ್ಲೇ ಮುಳುಗಿಸಿಟ್ಟು, ಎರಡನ್ನೂ ವೀಟ್‌ಸ್ಟನ್ ಸೇತುವೆ ಎಂಬ ಒಂದೇ ಮಾಪನ ಮಂಡಲದ ಪಕ್ಕಪಕ್ಕದ ಎರಡು ತೋಳುಗಳಲ್ಲಿ ಜೋಡಿಸಿ. ಕೋನ ತಪ್ಪಿದರೆ ಈ ಹೊಂದಾಣಿಕೆಗೆ ಅರ್ಥವಿಲ್ಲ, ಏಕೆಂದರೆ ಕಾಂಪೋಸಿಟ್, ಅಂದರೆ ಎಳೆ ಮತ್ತು ರಾಳ ಸೇರಿದ ವಸ್ತು, ಪ್ರತಿ ದಿಕ್ಕಿಗೂ ಬೇರೆಯಾಗಿ ಕುಗ್ಗುತ್ತದೆ. ಗೇಜಿಗೆ ಕೊಡುವ ವೋಲ್ಟೇಜ್ ಕಡಿಮೆಯಿರಲಿ. ರಾಳ ಶಾಖವನ್ನು ಸುಲಭವಾಗಿ ಒಯ್ಯದ ವಸ್ತುವಾದ್ದರಿಂದ ಗೇಜ್ ತನ್ನ ಬಿಸಿಯಿಂದಲೇ ತನ್ನ ಕೆಳಗಿನ ಜಾಗವನ್ನು ಬೆಚ್ಚಗಾಗಿಸುತ್ತದೆ. ಬ್ರ್ಯಾಗ್ ಗ್ರೇಟಿಂಗ್ ಎಂಬ ಸೂಕ್ಷ್ಮ ಗೆರೆಗಳನ್ನು ಕೆತ್ತಿದ ಬೆಳಕಿನ ತಂತು (ಆಪ್ಟಿಕಲ್ ಫೈಬರ್) ನಿಮಗೆ ದೊರೆಯುವುದಾದರೆ, ಅದು ಆಳವಾದ ಚಳಿಯಲ್ಲಿ ಉಷ್ಣತೆಗೆ ಬಹುಮಟ್ಟಿಗೆ ಪ್ರತಿಕ್ರಿಯಿಸದೆ ಸ್ಟ್ರೇನನ್ನು ಮಾತ್ರ ತೋರಿಸುತ್ತದೆ. ಸುತ್ತುವಾಗಲೇ ಪದರಗಳ ನಡುವೆ ಅದನ್ನು ಇಡಬಹುದು.

ಬಿರುಕು ಹುಟ್ಟುವ ಕ್ಷಣವನ್ನು ಹಿಡಿಯಲು ಬಿರಿಯುವ ಸೂಕ್ಷ್ಮ ಸದ್ದನ್ನು ಕೇಳುವ ಅಕೌಸ್ಟಿಕ್ ಎಮಿಷನ್ ಸಂವೇದಕಗಳಿವೆ. ದ್ರವ ಸಾರಜನಕದ ಕುದಿತವೂ ಸದ್ದೇ ಆದ್ದರಿಂದ ತಂಪಾಗುವ ಹಂತದ ದಾಖಲೆಯನ್ನು ಹಾಗೆಯೇ ನಂಬುವಂತಿಲ್ಲ. ಆ ಕುದಿತ ನಿಂತ ಮೇಲಿನ ಸದ್ದನ್ನು ಮಾತ್ರ ಎಣಿಸಿ, ಮತ್ತು ಬಿರುಕಿನ ಲೆಕ್ಕವನ್ನು ಸೂಕ್ಷ್ಮದರ್ಶಕದಿಂದ ತಾಳೆ ನೋಡಿ.

ಇನ್ನು ನಿಮ್ಮ ಸಮಸ್ಯೆಯ ಹೃದಯವಾದ ಸೋರಿಕೆ ಪರೀಕ್ಷೆ. ಎಳೆಯದೆ ಇಟ್ಟ ಹಲಗೆಯ ಮೂಲಕ ಹೀಲಿಯಂ ಎಷ್ಟು ಹಾಯುತ್ತದೆಂದು ಅಳೆದರೆ ಅದು ರಾಳದೊಳಗೆ ಅನಿಲ ನಿಧಾನವಾಗಿ ಇಂಗುವ ದರವಷ್ಟೆ, ಮತ್ತು ಆ ದರ ಚಳಿಯಲ್ಲಿ ಇನ್ನೂ ಇಳಿಯುತ್ತದೆ. ಒಂದೇ ದಿಕ್ಕಿಗೆ ಎಳೆದ ಹಲಗೆಯಲ್ಲಿ ಆ ಎಳೆತಕ್ಕೆ ಅಡ್ಡವಾಗಿರುವ ಪದರಗಳಷ್ಟೇ ಹೆಚ್ಚಾಗಿ ಬಿರುಕು ಬಿಡುತ್ತವೆ, ದಾರಿ ಪೂರ್ತಿಯಾಗುವುದಿಲ್ಲ, ಫಲಿತಾಂಶ ಸೋರಿಕೆಯಿಲ್ಲವೆಂದು ಬರುತ್ತದೆ. ಒತ್ತಡಪಾತ್ರೆಯ ಗೋಡೆಯಾದರೋ ಸುತ್ತಳತೆಯ ದಿಕ್ಕಿಗೂ ಉದ್ದದ ದಿಕ್ಕಿಗೂ ಏಕಕಾಲಕ್ಕೆ ಎಳೆಯಲ್ಪಡುತ್ತದೆ. ಆದ್ದರಿಂದ ಎರಡು ದಿಕ್ಕಿನ ಎಳೆತ, ಚಳಿ, ಅನಿಲದ ಒತ್ತಡ ಮೂರೂ ಒಟ್ಟಿಗೆ ಇರುವ ಮಾದರಿಯೇ ಬೇಕು. ಶಿಲುಬೆಯಾಕಾರದ ಹಲಗೆಯನ್ನು ನಾಲ್ಕು ಕಡೆಗೆ ಎಳೆಯುವ ಯಂತ್ರಗಳಿವೆ. ಕಾಲೇಜಿಗೆ ಅದು ಎಟುಕದು. ನೀವು ಸುತ್ತುವ ಯಂತ್ರವನ್ನು ಹೊಂದಿರುವುದರಿಂದ 5 ಸೆಂ.ಮೀ. ವ್ಯಾಸದ ಕೊಳವೆಗಳನ್ನು, ಪಾತ್ರೆಯ ಪದರಗಳ ಕ್ರಮದಲ್ಲೇ, ಸುತ್ತಿ ತುದಿ ಮುಚ್ಚಿ ಒಳಗಿನಿಂದ ಒತ್ತಡ ಕೊಡಿ. ಅದು ಪಾತ್ರೆಯ ನಡುಭಾಗದ ಸ್ಥಿತಿಯೇ ಆಗುತ್ತದೆ.

ಅಳೆಯುವ ವಿಧಾನವನ್ನೂ ಬದಲಿಸಿ. ಮುಚ್ಚಿದ ಪಾತ್ರೆಯ ಒತ್ತಡ ಇಳಿದದ್ದನ್ನೇ ಸೋರಿಕೆಯೆಂದು ನೀವು ಓದಿದ್ದೀರಿ. ಕೋಣೆಯ ಉಷ್ಣತೆಯ ಹೀಲಿಯಂ 77 ಕೆಲ್ವಿನ್‌ಗೆ ತಂಪಾದರೆ ಒಂದು ಅಣುವೂ ಹೊರಗೆ ಹೋಗದೆಯೇ ಅದರ ಒತ್ತಡ ಕಾಲುಭಾಗದ ಹತ್ತಿರಕ್ಕೆ ಇಳಿಯುತ್ತದೆ. ಸಾಬೂನು ನೊರೆ ಎದ್ದದ್ದರಿಂದ ನಿಮ್ಮಲ್ಲಿ ನಿಜವಾಗಿಯೂ ಸೋರಿಕೆಯಿತ್ತು ಎಂಬುದು ಖಚಿತ. ಆದರೆ ಎಷ್ಟು ಎಂಬುದು ಆ ಅಂಕಿಯಿಂದ ಸಿಗುವುದಿಲ್ಲ. ಕೊಳವೆಯ ಸುತ್ತ ಒಂದು ಹೊರಕವಚವಿಟ್ಟು, ಅದನ್ನು ನಿರ್ವಾತಗೊಳಿಸಿ ಹೀಲಿಯಂ ಮಾಸ್ ಸ್ಪೆಕ್ಟ್ರೋಮೀಟರ್ ಸೋರಿಕೆ ಪತ್ತೆಯಂತ್ರಕ್ಕೆ ಸೇರಿಸಿದರೆ ಹೊರಬಿದ್ದ ಹೀಲಿಯಂ ನೇರವಾಗಿ ಸಂಖ್ಯೆಯಾಗುತ್ತದೆ. ನಿರ್ವಾತವಿದ್ದರೆ ಚಳಿ ಹೊರಗಿನಿಂದ ತಲುಪುವುದಿಲ್ಲ, ಆದ್ದರಿಂದ ತಂಪು ಹೀಲಿಯಂ ಅನಿಲವನ್ನೇ ಒಳಗೆ ಹಾಯಿಸಬೇಕು. ಒತ್ತಡವನ್ನು ಒಂದೊಂದೇ ಬಾರ್ ಏರಿಸುತ್ತಾ ಪ್ರತಿ ಹಂತದಲ್ಲೂ ಕಾದು ನೋಡಿ. ದರ ನಿಧಾನವಾಗಿ ಏರುತ್ತಿದ್ದದ್ದು ಒಂದು ಹಂತದಲ್ಲಿ ಹಲವು ಪಟ್ಟು ಜಿಗಿಯುತ್ತದೆ. ಬಿರುಕುಗಳು ಒಂದಕ್ಕೊಂದು ಸೇರಿದ್ದು ಆಗಲೇ. ಆ ಹಂತದ ಸ್ಟ್ರೇನೇ ನಿಮ್ಮ ವಿನ್ಯಾಸದ ಮಿತಿ. ಒತ್ತಡ ಇಳಿಸಿದಾಗ ದರವೂ ಬಹುಮಟ್ಟಿಗೆ ಇಳಿಯುತ್ತದೆ, ಏಕೆಂದರೆ ಬಿರುಕುಗಳು ಮುಚ್ಚಿಕೊಳ್ಳುತ್ತವೆ. ಆದ್ದರಿಂದ ಚಳಿಯಲ್ಲಿ ಸೋರಿದ ಪಾತ್ರೆಯನ್ನು ಕೋಣೆಗೆ ತಂದು ಕಡಿಮೆ ಒತ್ತಡದಲ್ಲಿ ನೋಡಿ ಸರಿಯಿದೆಯೆಂದು ಹೇಳುವುದು ಅಪಾಯಕರ.

ಈ ಕೆಲಸ ಎಷ್ಟು ಗಂಭೀರ ಎಂಬುದಕ್ಕೆ ಅಮೆರಿಕದ ಎಕ್ಸ್-33 ಎಂಬ ಮರುಬಳಕೆಯ ಬಾಹ್ಯಾಕಾಶ ವಾಹನದ ಯೋಜನೆಯ ಟ್ಯಾಂಕನ್ನು ನೆನೆಯಬೇಕು. ಜೇನುಗೂಡಿನ ತಿರುಳನ್ನು ಎರಡು ಕಾರ್ಬನ್ ಎಪಾಕ್ಸಿ ಹಾಳೆಗಳ ನಡುವೆ ಇಟ್ಟು ಮಾಡಿದ ಅದರ ದ್ರವ ಜಲಜನಕದ ಟ್ಯಾಂಕು 1999ರ ನವೆಂಬರ್ 3ರಂದು ನಾಸಾದ ಮಾರ್ಷಲ್ ಕೇಂದ್ರದಲ್ಲಿ ಪರೀಕ್ಷೆಗೆ ಒಳಗಾಯಿತು. ಟ್ಯಾಂಕು ತುಂಬಿದಾಗ ಏನೂ ಆಗಲಿಲ್ಲ, ಹೊರೆ ಹಾಕಿದಾಗಲೂ ಏನೂ ಆಗಲಿಲ್ಲ. ಜಲಜನಕವನ್ನು ಬರಿದು ಮಾಡಿದ ಮೇಲೆ ಹೊರಗಿನ ಹಾಳೆ ತಿರುಳಿನ ಸಮೇತ ಒಳಹಾಳೆಯಿಂದ ಕಿತ್ತುಬಂತು. ಒಳಹಾಳೆ ಸೂಕ್ಷ್ಮವಾಗಿ ಬಿರಿದು ಜಲಜನಕ ತಿರುಳಿಗೆ ನುಗ್ಗಿತ್ತು. ಹೊರಗೆ ಹಾಯಿಸುತ್ತಿದ್ದ ಸಾರಜನಕವೂ ಆ ಚಳಿಯಲ್ಲಿ ತಿರುಳಿನೊಳಕ್ಕೆ ಸೆಳೆಯಲ್ಪಟ್ಟಿತ್ತು. ಟ್ಯಾಂಕು ಬೆಚ್ಚಗಾಗುತ್ತಿದ್ದಂತೆ ಸಿಕ್ಕಿಬಿದ್ದ ಅನಿಲ ಹಿಗ್ಗಿ, ನಿರೀಕ್ಷೆಗಿಂತ ಬಲಹೀನವಾಗಿದ್ದ ಅಂಟನ್ನು ಹರಿಯಿತು. ನಾನು ಕಿರಿಯರಿಗೆಲ್ಲ ಈ ಘಟನೆಯನ್ನು ಹೇಳುವುದು ಒಂದೇ ಉದ್ದೇಶದಿಂದ: ಪಾತ್ರೆ ಬೆಚ್ಚಗಾಗುವ ಹೊತ್ತೂ ಪರೀಕ್ಷೆಯ ಭಾಗ. ದಾಖಲೆ ಯಂತ್ರವನ್ನು ದ್ರವ ಬರಿದಾದ ಕೂಡಲೇ ಆರಿಸಬೇಡಿ.

ಇದೇ ಘಟನೆಯಲ್ಲಿ ನಿಮ್ಮ ಕೊನೆಯ ಪ್ರಶ್ನೆಗೂ ಉತ್ತರದ ಅರ್ಧವಿದೆ. ದ್ರವ ಜಲಜನಕ ಕುದಿಯುವುದು 20 ಕೆಲ್ವಿನ್‌ನಲ್ಲಿ. 77ರಿಂದ 20ಕ್ಕೆ ಇಳಿಯುವಾಗ ಬಹುಪಾಲು ಘನವಸ್ತುಗಳು ಹೆಚ್ಚು ಕುಗ್ಗುವುದಿಲ್ಲ. ಅಲ್ಯೂಮಿನಿಯಂ ಕೋಣೆಯ ಉಷ್ಣತೆಯಿಂದ 77ಕ್ಕೆ ಶೇಕಡಾ 0.39 ಕುಗ್ಗಿದರೆ 20ಕ್ಕೆ ಬರುವಷ್ಟರಲ್ಲಿ 0.41 ಅಷ್ಟೆ. ಎಪಾಕ್ಸಿಯಲ್ಲಿ ಉಳಿದ ಪಾಲು ಸ್ವಲ್ಪ ಹೆಚ್ಚು. ಆದ್ದರಿಂದ ಒಳಬಿಗಿತದ ಬಹುಭಾಗವನ್ನು ದ್ರವ ಸಾರಜನಕವೇ ಹೊರಗೆಡಹುತ್ತದೆ, ಮತ್ತು ರಾಳಗಳನ್ನು ಜರಡಿ ಹಿಡಿಯಲು ಅದು ಧಾರಾಳವಾಗಿ ಸಾಕು. ಆದರೆ 77ರಲ್ಲಿ ಗೆದ್ದದ್ದು 20ರಲ್ಲೂ ಗೆದ್ದೀತೆಂದು ಸಹಿ ಹಾಕಲು ನಾನು ಒಪ್ಪುವುದಿಲ್ಲ. ರಾಳದ ಹಿಗ್ಗುವ ಗುಣ ಇನ್ನಷ್ಟು ಕುಂದಿರುತ್ತದೆ ಎಂಬುದು ಒಂದು ಕಾರಣ. ಸಾರಜನಕ 63 ಕೆಲ್ವಿನ್‌ನಲ್ಲೂ ಆಮ್ಲಜನಕ 54 ಕೆಲ್ವಿನ್‌ನಲ್ಲೂ ಹೆಪ್ಪುಗಟ್ಟುವುದರಿಂದ, ಸಂದುಗೊಂದುಗಳು ಹೊರಗಿನ ಗಾಳಿಯನ್ನು ಸೆಳೆದು ಘನವಾಗಿಸಿಕೊಳ್ಳುವ ವಿದ್ಯಮಾನ 20 ಕೆಲ್ವಿನ್‌ನಲ್ಲಿ ಪೂರ್ಣರೂಪದಲ್ಲಿ ಕಾಣುತ್ತದೆ ಎಂಬುದು ಇನ್ನೂ ದೊಡ್ಡ ಕಾರಣ. ದ್ರವ ಸಾರಜನಕದ ಪರೀಕ್ಷೆಗೆ ಅದನ್ನು ತೋರಿಸುವ ಶಕ್ತಿಯಿಲ್ಲ. ಜಲಜನಕದ ಬೆಂಕಿಯ ಭಯವಿಲ್ಲದೆ 20 ಕೆಲ್ವಿನ್ ತಲುಪಲು ತಂಪಾಗಿಸಿದ ಹೀಲಿಯಂ ಅನಿಲವನ್ನು ಬಳಸುತ್ತಾರೆ. ಆ ಸೌಲಭ್ಯ ಕಾಲೇಜುಗಳಲ್ಲಿ ಇರುವುದಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಕ್ರಯೋಜೆನಿಕ್ ತಂತ್ರಜ್ಞಾನ ಕೇಂದ್ರವಿದೆ, ಕಾಂಪೋಸಿಟ್‌ಗಳಲ್ಲಿ ಬಹುಕಾಲದ ಅನುಭವವಿರುವ ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯ (ಎನ್‌ಎಎಲ್) ಇದೆ. ನಿಮ್ಮ ಬಿರುಕಿನ ಎಣಿಕೆಯ ಪಟ್ಟಿಯನ್ನು ಕೈಯಲ್ಲಿ ಹಿಡಿದು ಮಾರ್ಗದರ್ಶಕರ ಮೂಲಕ ಅಲ್ಲಿನವರನ್ನು ಕೇಳುವುದು ನನ್ನ ಸಲಹೆ.

ಲೈನರ್ ಹಾಕಿದರೆ ಎಲ್ಲ ಬಗೆಹರಿಯುತ್ತದೆಯೇ ಎಂದು ನೀವು ಮುಂದೆ ಕೇಳಬಹುದು. ಸೋರಿಕೆ ನಿಲ್ಲುತ್ತದೆ, ಬೇರೆ ತೊಂದರೆ ಬರುತ್ತದೆ. ಅಲ್ಯೂಮಿನಿಯಂ ಲೈನರ್ ಚಳಿಯಲ್ಲಿ ಶೇಕಡಾ 0.4 ಕುಗ್ಗಿದರೆ ಅದರ ಸುತ್ತಲಿನ ಕಾರ್ಬನ್ ಸುತ್ತು ಅದರ ಸಣ್ಣ ಪಾಲಷ್ಟೇ ಕುಗ್ಗುತ್ತದೆ. ಒತ್ತಡವಿಲ್ಲದಿದ್ದಾಗ ಎರಡರ ನಡುವೆ ಸಂದು ಬೀಳುತ್ತದೆ, ಅಥವಾ ಅಂಟು ಗಟ್ಟಿಯಿದ್ದರೆ ಲೈನರ್ ಎಳೆತಕ್ಕೆ ಸಿಗುತ್ತದೆ. 2016ರ ಸೆಪ್ಟೆಂಬರ್ 1ರಂದು ಕೇಪ್ ಕೆನವೆರಾಲ್‌ನಲ್ಲಿ ಫಾಲ್ಕನ್ 9 ರಾಕೆಟ್ ಆಮೋಸ್-6 ಉಪಗ್ರಹದ ಸಮೇತ ಉಡಾವಣಾ ಕಟ್ಟೆಯ ಮೇಲೆಯೇ ಸ್ಫೋಟಿಸಿದ್ದು ಇಂಥದೇ ಹೀಲಿಯಂ ಪಾತ್ರೆಯಿಂದ. ಅತಿತಂಪಾದ ದ್ರವ ಆಮ್ಲಜನಕದಲ್ಲಿ ಮುಳುಗಿದ್ದ ಆ ಪಾತ್ರೆಯ ಲೈನರ್ ಒಳಮುಖವಾಗಿ ಸುಕ್ಕಿದ ಜಾಗಗಳಲ್ಲಿ ಆಮ್ಲಜನಕ ಸೇರಿಕೊಂಡಿತು. ತುಂಬುತ್ತಿದ್ದ ಹೀಲಿಯಂ ಅದನ್ನು ಘನವಾಗಿಸುವಷ್ಟು ತಂಪಾಗಿತ್ತು. ಒತ್ತಡ ಏರಿದಾಗ ಅದು ಹೊರಬರಲಾರದೆ ಸಿಕ್ಕಿಬಿದ್ದು, ಎಳೆ ಮುರಿಯುವುದರಿಂದಲೋ ಉಜ್ಜಾಟದಿಂದಲೋ ಕಾರ್ಬನ್ ಹೊತ್ತಿಕೊಂಡಿತು ಎಂಬುದು ತನಿಖೆಯ ನಿರ್ಣಯ. ಆದ್ದರಿಂದ ಲೈನರ್ ಇರುವ ಪಾತ್ರೆಯನ್ನು ಪರೀಕ್ಷಿಸುವಾಗ, ಚಳಿಯಲ್ಲಿದ್ದು ಒತ್ತಡವಿಲ್ಲದ ಸ್ಥಿತಿಯನ್ನೂ ಒಂದು ಪ್ರತ್ಯೇಕ ಪರೀಕ್ಷೆಯಾಗಿ ಮಾಡಲೇಬೇಕು. ದ್ರವ ಆಮ್ಲಜನಕಕ್ಕೆ ಕಾಂಪೋಸಿಟ್ ಒಡ್ಡುವ ಯೋಚನೆ ಎಂದಾದರೂ ಬಂದರೆ, ದ್ರವ ಆಮ್ಲಜನಕದಲ್ಲಿ ಮುಳುಗಿದ ಮಾದರಿಯ ಮೇಲೆ 98 ಜೌಲ್ ಪೆಟ್ಟು ಹಾಕಿ, 20 ಮಾದರಿಗಳಲ್ಲಿ ಒಂದೂ ಕಿಡಿ ಕಾರಬಾರದೆಂದು ಕೇಳುವ ಎಎಸ್‌ಟಿಎಂ ಡಿ2512 ಪರೀಕ್ಷೆಯಿದೆ; ಅದನ್ನು ಕಾಲೇಜಿನ ಆವರಣದಲ್ಲಿ ಖಂಡಿತ ಪ್ರಯತ್ನಿಸಬೇಡಿ.

ಲೈನರ್ ಇಲ್ಲದೆಯೇ ಗೆಲ್ಲುವ ದಾರಿಯೂ ಇದೆ, ನಿಮ್ಮ ಪಾತ್ರೆಗೆ ನಾನು ಅದನ್ನೇ ಸೂಚಿಸುತ್ತೇನೆ. ಪದರ ತೆಳುವಾದಷ್ಟೂ ಅದರಲ್ಲಿ ಬಿರುಕು ಹುಟ್ಟಿ ಹರಡಲು ಹೆಚ್ಚು ಸ್ಟ್ರೇನ್ ಬೇಕಾಗುತ್ತದೆ, ಏಕೆಂದರೆ ತೆಳು ಪದರದಲ್ಲಿ ಶೇಖರವಾಗಿ ಬಿರುಕಿಗೆ ಒದಗುವ ಶಕ್ತಿ ಕಡಿಮೆ, ಪಕ್ಕದ ಪದರಗಳ ಹಿಡಿತ ಹೆಚ್ಚು. ಬೋಯಿಂಗ್ ಕಟ್ಟಿದ 2.4 ಮೀಟರ್ ಮತ್ತು 5.5 ಮೀಟರ್ ವ್ಯಾಸದ ಕಾಂಪೋಸಿಟ್ ಟ್ಯಾಂಕುಗಳನ್ನು ನಾಸಾ 2013 ಮತ್ತು 2014ರಲ್ಲಿ ಅದೇ ಮಾರ್ಷಲ್ ಕೇಂದ್ರದಲ್ಲಿ ದ್ರವ ಜಲಜನಕ ತುಂಬಿ ಪರೀಕ್ಷಿಸಿತು. ಅವುಗಳ ಗೋಡೆಯಲ್ಲಿ ಸೋರಿಕೆ ತಡೆಯಲೆಂದೇ ತೆಳು ಪದರಗಳನ್ನು ಇಡಲಾಗಿತ್ತು. ನೀವು ಎಳೆಯ ಹುರಿಯನ್ನು ಹರಡಿ ಚಪ್ಪಟೆಗೊಳಿಸಿ, ಒಂದು ದಪ್ಪ ಸುತ್ತಿನ ಬದಲು ಎರಡು ಮೂರು ತೆಳು ಸುತ್ತುಗಳನ್ನು ಕೋನ ಬದಲಿಸಿ ಹಾಕಿದರೆ ತೂಕ ಅಷ್ಟೇ ಉಳಿದು ಸೋರುವ ಮಿತಿ ಮೇಲೇರುತ್ತದೆ. ಒಂದೇ ಕೋನದ ಸುತ್ತುಗಳನ್ನು ಮಾತ್ರ ಅಕ್ಕಪಕ್ಕ ಇಡಬೇಡಿ. ರಾಳದ ಕಣ್ಣಿಗೆ ಅವು ಸೇರಿ ಒಂದು ದಪ್ಪ ಪದರವೇ. ಕಡಿಮೆ ಉಷ್ಣತೆಯಲ್ಲಿ ಗಟ್ಟಿಯಾಗುವ, ಚಳಿಗೆಂದು ಮೆದುಗೊಳಿಸಿದ ರಾಳ ದೊರೆತರೆ ಅದೂ ನೆರವಾಗುತ್ತದೆ.

ಸುರಕ್ಷತೆಯ ಎರಡು ಸಂಗತಿಗಳನ್ನು ಬಿಡಲಾರೆ. ಒಂದು ಲೀಟರ್ ದ್ರವ ಸಾರಜನಕ ಸುಮಾರು 700 ಲೀಟರ್ ಅನಿಲವಾಗುತ್ತದೆ. ಮುಚ್ಚಿದ ಕೋಣೆಯಲ್ಲಿ ಅದು ಉಸಿರಾಟದ ಗಾಳಿಯನ್ನು ಸದ್ದಿಲ್ಲದೆ ಹೊರದೂಡುತ್ತದೆ, ಮನುಷ್ಯನಿಗೆ ಮುನ್ಸೂಚನೆಯೇ ಸಿಗುವುದಿಲ್ಲ. ಆಮ್ಲಜನಕ ಮಾಪಕವಿಲ್ಲದೆ, ಒಬ್ಬರೇ, ಈ ಪರೀಕ್ಷೆ ಮಾಡಬೇಡಿ. ಎರಡನೆಯದು, 77 ಕೆಲ್ವಿನ್‌ನ ಲೋಹದ ಕೊಳವೆಯ ಮೇಲೆ ಗಾಳಿಯಲ್ಲಿನ ಆಮ್ಲಜನಕ ದ್ರವವಾಗಿ ಇಳಿಯುತ್ತದೆ, ಏಕೆಂದರೆ ಅದು 90 ಕೆಲ್ವಿನ್‌ನಲ್ಲೇ ದ್ರವವಾಗುತ್ತದೆ. ಆ ಹನಿಗಳು ಎಣ್ಣೆಯ ಮೇಲೆ, ಕಾರ್ಬನ್ ಪುಡಿಯ ಮೇಲೆ ಬೀಳದಂತೆ ಕೆಳಗೆ ಶುಭ್ರವಾದ ಲೋಹದ ತಟ್ಟೆಯಿರಲಿ.

ಸದ್ಯಕ್ಕೆ ಸೋರಿದ ಆ ಪಾತ್ರೆಯನ್ನು ಎಸೆಯಬೇಡಿ. ನೊರೆ ಎದ್ದ ಜಾಗಗಳನ್ನು ಹೊರಮೈಯಲ್ಲಿ ಗುರುತು ಮಾಡಿ, ಆ ಜಾಗದಲ್ಲೂ ನೊರೆ ಏಳದ ಒಂದು ಜಾಗದಲ್ಲೂ ಗೋಡೆಯನ್ನು ಕತ್ತರಿಸಿ, ಹೊಳಪು ಕೊಟ್ಟು, ಪದರ ಪದರವಾಗಿ ಬಿರುಕು ಎಣಿಸಿ. ಗುರುತುಗಳು ಮೂತಿಯ ಸುತ್ತ, ಗುಮ್ಮಟ ಆರಂಭವಾಗುವ ಕಡೆ ಗುಂಪಾಗಿದ್ದರೆ ದೋಷ ಸುತ್ತುವ ಕೋನದಲ್ಲಿಯೂ ಲೋಹದ ಮೂತಿಯ ಜೋಡಣೆಯಲ್ಲಿಯೂ ಇದೆ. ನಡುಭಾಗದಲ್ಲೆಲ್ಲ ಹರಡಿದ್ದರೆ ಮೇಲಿನ ಲೆಕ್ಕ ನಿಮಗೆ ಪೂರ್ತಿ ಅನ್ವಯಿಸುತ್ತದೆ, ಮತ್ತು ಮುಂದಿನ ಪಾತ್ರೆಯನ್ನು ತೆಳು ಪದರಗಳಲ್ಲಿ ಸುತ್ತಲು ಶುರುಮಾಡಬಹುದು.